ಮುಂಚಿನ ನಡೆ

ಕನ್ನಡಕದ ಅಂಗಡಿಯ ಯಜಮಾನರು ಆನ್‌ಲೈನ್ ಚೆಸ್ಸಿನ ಮೂರು ನಿಮಿಷದ ಆಟದಲ್ಲಿ ಮೊದಲಿನಿಂದಲೂ ಹುಲಿ. ಈಚೆಗೆ ಎದುರಾಳಿ ಕಾಯಿ ಸರಿಸುವ ಮುನ್ನವೇ ತಮ್ಮ ಉತ್ತರ ಹೂಡಿಡುವುದನ್ನು ಕರಗತ ಮಾಡಿಕೊಂಡು ಇನ್ನೂ ಮೇಲೇರಿದ್ದಾರೆ. "ಯೋಚನೆ ಮಾಡೋದು ಸೋಮಾರಿಗಳ ಕೆಲಸ ಕಣೇ," ಎಂದು ಹೆಂಡತಿಗೆ ಉಪದೇಶ ಬೇರೆ. ಈ ಅಭ್ಯಾಸ ಆಟದಾಚೆಗೂ ಹಬ್ಬಿದೆ. ಅಂಗಡಿಯಲ್ಲಿ ಗಿರಾಕಿ ಗೋಡೆಯ ಅಕ್ಷರ ಓದುವ ಮೊದಲೇ ಸರಿಯಾದ ಗಾಜು ಕೈಗಿಡುತ್ತಾರೆ. ಮನೆಯಲ್ಲಿ ಹೆಂಡತಿ ಬಾಯಿ ತೆರೆಯುವ ಮೊದಲೇ "ಹಾಲು ತಂದಾಯ್ತು" ಎನ್ನುತ್ತಾರೆ. "ನನ್ನ ಮಾತೂ ನೀವೇ ಆಡ್ಬಿಡಿ, ನನಗೂ ಪುರಸೊತ್ತಾಗುತ್ತೆ!" ಎಂದು ಆಕೆ ನಗುತ್ತಿದ್ದಳು. ತನ್ನ ತಾಯಿ ಆಸ್ಪತ್ರೆ ಸೇರಿದ ಮೇಲೆ ಆಕೆಗೆ ನಗು ಬರುತ್ತಿಲ್ಲ. ಕಣ್ಣು ಸದಾ ಫೋನಿನ ಮೇಲೆ. ನಿನ್ನೆ ಊಟದ ನಡುವೆ ಯಜಮಾನರು ತುತ್ತು ಕೆಳಗಿಟ್ಟು, ಮೆಲ್ಲಗೆ, "ಅಯ್ಯೋ, ಯಾವಾಗ?" ಎಂದರು. ಆಕೆ ಫೋನಿನತ್ತ ತಿರುಗಿದಳು. ಅದು ಇನ್ನೂ ರಿಂಗಾಗಿರಲಿಲ್ಲ.