ಶಿಮಿನೆಂಗೆಯ ಹನ್ನೆರಡು ಗೆರೆ

ಗ್ಬೋಕೋ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಕೇರಿಯಲ್ಲಿ ಮುದುಕಿ ಶಿಮಿನೆಂಗೆಯ ಬ್ಲೇಡು ಮುಟ್ಟದ ಎದೆ ಹುಡುಕಿದರೂ ಸಿಗುತ್ತಿರಲಿಲ್ಲ. ಜ್ವರ ನೆತ್ತಿಗೇರಿ ಕೂಸಿನ ಕೈಕಾಲು ಸೆಟೆದುಕೊಂಡರೆ ತಾಯಂದಿರು ಮೊದಲು ಓಡಿಬರುತ್ತಿದ್ದದ್ದು ಅವಳ ಅಂಗಳಕ್ಕೆ. ಎದೆಯ ಮೇಲೆ ಸಣ್ಣ ಸಣ್ಣ ಗೆರೆ ಕೊಯ್ದು, ಬೇರು ಸುಟ್ಟ ಬೂದಿ ಉಜ್ಜುತ್ತಿದ್ದಳು. ಒಂದು ಗೆರೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಉದ್ದವಾಗುತ್ತಿರಲಿಲ್ಲ. ಮಗು ಉಳಿದರೆ ಅವಳ ಕೈಗುಣ, ಹೋದರೆ ದೇವರಿಚ್ಛೆ. ಈ ಏರ್ಪಾಟು ಅವಳಿಗೇನೋ ಚೆನ್ನಾಗಿಯೇ ಒಗ್ಗಿತ್ತು.

ಸ್ವಂತ ಮೊಮ್ಮಗ ಓರ್ಕುಮಾನ ಎದೆಯ ಮೇಲೂ ಅವಳದೇ ಗೆರೆಗಳಿದ್ದವು, ನಾಲ್ಕರಂತೆ ಮೂರು ಸಾಲು. ಅವನು ಎಂಟು ತಿಂಗಳ ಕೂಸಾಗಿದ್ದಾಗ, ಸೊಸೆ ಎರ್ದೂ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ, ಪಕ್ಕದ ಮನೆಯ ವಂದೂ ಕೂಸಿನ ಕಾಲು ಹಿಡಿದುಕೊಂಡಿದ್ದಳು, ಶಿಮಿನೆಂಗೆ ಕೊಯ್ದಿದ್ದಳು. ಕೂಸು ಉಳಿಯಿತು. ಶಾಲೆಯ ಮೇಡಮ್ ಆಗಿದ್ದ ಎರ್ದೂ ಮಾತ್ರ ಒಂದು ತಿಂಗಳು ಅತ್ತೆಯೊಡನೆ ಮಾತು ಬಿಟ್ಟಳು. "ನಾನು ಮನೇಲಿದ್ದಿದ್ರೆ ಆಸ್ಪತ್ರೆಗೆ ಎತ್ಕೊಂಡು ಹೋಗ್ತಿದ್ದೆ" ಎಂಬ ಅವಳ ಮಾತಿಗೆ ಈಗ ಇಪ್ಪತ್ತು ವರ್ಷ.

ಆ ಕೂಸು ಬೆಳೆದು ಉತ್ತರದಲ್ಲಿರುವ ಸೇನಾ ಅಕಾಡೆಮಿಯ ಪರೀಕ್ಷೆ ಬರೆದ. ಎರಡು ಸಲ ಬಿದ್ದು ಮೂರನೆಯ ಸಲ ಪಾಸಾದ. ಸಂದರ್ಶನಕ್ಕೂ ದೇಹಪರೀಕ್ಷೆಗೂ ಹೋಗಿ ಎರಡು ವಾರದ ಮೇಲೆ ಹಿಂತಿರುಗಿ ಬಂದವನು, ಗೆಣಸಿನ ಮುದ್ದೆಯನ್ನು ಬೆಂಡೆಕಾಯಿ ಸಾರಿನಲ್ಲಿ ಅದ್ದುತ್ತಾ ತಲೆಯೆತ್ತದೆ ಹೇಳಿದ: "ಡಾಕ್ಟ್ರು ಅಂಗಿ ಬಿಚ್ಚಿಸಿದ್ರು. ಗೆರೆ ಎಣಿಸಿದ್ರು. ಏನೋ ಬರ್ಕೊಂಡ್ರು."

"ಏನು ಬರ್ಕೊಂಡ್ರು?" ಎಂದಳು ಶಿಮಿನೆಂಗೆ.

ಅವನು ಎದ್ದು ಕೈ ತೊಳೆದ. ಉತ್ತರ ಕೊಟ್ಟವಳು ಎರ್ದೂ. "ಮೈಮೇಲೆ ಕೊಯ್ಸಿಕೊಂಡ ಗುರುತಿದ್ರೆ ತಗೊಳ್ಳಲ್ಲ ಅಂತ ಅರ್ಜೀಲೇ ಅಚ್ಚು ಹಾಕಿದಾರೆ, ಅತ್ತೆ. ಓದಿ ಹೇಳ್ಲಾ?"

ಅಂದಿನಿಂದ ಮುದುಕಿ ಸೋಮವಾರ ಎಣಿಸತೊಡಗಿದಳು. ಆಯ್ಕೆಯಾದವರ ಪಟ್ಟಿ ಯಾವುದೋ ಒಂದು ಸೋಮವಾರದ ಪತ್ರಿಕೆಯಲ್ಲಿ ಬರುತ್ತದಂತೆ. ಯಾವ ಸೋಮವಾರ ಎಂದು ಹೇಳುವವರಿಲ್ಲ. ಹೆಸರು ಬಿಟ್ಟುಹೋದರೆ ಏಕೆ ಬಿಟ್ಟರು ಎಂದೂ ಹೇಳುವವರಿಲ್ಲ. ಮುಂದಿನ ವರ್ಷಕ್ಕೆ ಹುಡುಗನ ವಯಸ್ಸು ಮೀರುತ್ತದೆ. ಹೆಸರಿಲ್ಲದಿದ್ದರೆ ಕಾರಣ ತನ್ನ ಬ್ಲೇಡೇ ಎಂದು ಈ ಮನೆ ಸಾಯುವವರೆಗೂ ಅನ್ನುತ್ತದೆ, ಹುಡುಗ ಬಾಯಿಬಿಟ್ಟು ಅನ್ನದಿದ್ದರೂ ಅಂದುಕೊಳ್ಳುತ್ತಾನೆ.

ಬ್ಲೇಡನ್ನು ಬಟ್ಟೆಯಲ್ಲಿ ಸುತ್ತಿ ಗೆಣಸಿನ ಬುಟ್ಟಿಯ ತಳಕ್ಕೆ ಸೇರಿಸಿದಳು. ಕೂಸು ಎತ್ತಿಕೊಂಡು ಬಂದವರನ್ನು "ಆಸ್ಪತ್ರೆಗೆ ಹೋಗಿ, ನನ್ ಕೈ ನಡುಗುತ್ತೆ" ಎಂದು ಸಾಗಹಾಕಿದಳು. ಒಂದು ಬೆಳಿಗ್ಗೆ ಮೊಮ್ಮಗ ಸ್ನಾನಕ್ಕೆ ಹೊರಟಾಗ ತಾಳೆಣ್ಣೆಯ ಬಟ್ಟಲು ಹಿಡಿದು ಹಿಂದೆ ಬಿದ್ದಳು.

"ಉಜ್ತೀನಿ ಬಾ, ಗೆರೆ ಮಾಸುತ್ತೆ."

"ಡಾಕ್ಟ್ರು ನೋಡಿ ಆಯ್ತಲ್ಲ ಅಜ್ಜಿ. ಇನ್ನು ಮಾಸಿ ಯಾರಿಗೆ ತೋರಿಸ್ಲಿ?"

ಆದರೂ ಉಜ್ಜಿದಳು. ಅವನೂ ಎದೆಯೊಡ್ಡಿ ನಿಂತ.

ಸೋಮವಾರಗಳು ಒಂದೊಂದೂ ಅವಳ ಜೀವ ಹಿಂಡಿದವು. ಮಕುರ್ಡಿ ನಗರದಿಂದ ಪತ್ರಿಕೆ ತರುವ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ಕೂರುತ್ತಿದ್ದಳು. ಆರು ಸೋಮವಾರ ಎರ್ದೂ ಪತ್ರಿಕೆ ಮಡಚಿಕೊಂಡು ಬಂದು, ಇಲ್ಲ ಎಂದು ತಲೆಯಾಡಿಸಿದಳು. ಪಟ್ಟಿಯೇ ಇಲ್ಲವೋ, ಪಟ್ಟಿಯಲ್ಲಿ ಹೆಸರಿಲ್ಲವೋ ಎಂದು ಕೇಳಲು ಮುದುಕಿಗೆ ಪ್ರತಿಸಲವೂ ಧೈರ್ಯ ಬರುತ್ತಿರಲಿಲ್ಲ.

ಏಳನೆಯ ಸೋಮವಾರ ತಡೆಯಲಾರದೆ ಸೊಸೆಯ ಹಿಂದೆಯೇ ಪತ್ರಿಕೆಯ ಅಂಗಡಿಗೆ ಹೋದಳು. ಎರ್ದೂ ಪುಟ ಬಿಡಿಸಿದಳು. ಈ ಸಲ ಪಟ್ಟಿಯಿತ್ತು, ರಾಜ್ಯದ ಪ್ರಕಾರ, ಇರುವೆಯಂಥ ಅಕ್ಷರಗಳಲ್ಲಿ. ಬೆನ್ವೆ ರಾಜ್ಯದ ಸಾಲುಗಳ ಮೇಲೆ ಎರ್ದೂಳ ಬೆರಳು ಇಳಿಯಿತು. ಓದಲು ಬಾರದ ಶಿಮಿನೆಂಗೆ ಬೆರಳನ್ನೇ ನೋಡುತ್ತಿದ್ದಳು. ಸಾಲುಗಳು ಮುಗಿಯುತ್ತ ಬಂದವು. ಕೊನೆಯದರ ಮೇಲೆ ಬೆರಳು ನಿಂತಿತು.

"ಇದೆ, ಅತ್ತೆ" ಎಂದಳು ಎರ್ದೂ. ಆಮೇಲೆ ಅಂಗಡಿಯವನ ಮುಂದೆಯೇ ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತಳು.

ಮನೆಗೆ ಬಂದ ಮೇಲೆ ಓರ್ಕುಮಾ ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿಕೊಂಡ. ಏಳು ವಾರ ನುಂಗಿಕೊಂಡಿದ್ದನ್ನು ಕಕ್ಕಿದ. "ಇದೇನು ಗುರುತು ಅಂತ ಡಾಕ್ಟ್ರು ಕೇಳಿದ್ರು. ಚಿಕ್ಕೋನಿದ್ದಾಗ ಮುಳ್ಳುತಂತಿ ಮೇಲೆ ಬಿದ್ದೆ ಅಂದೆ. ಅವ್ರು ಎಣಿಸಿ, ಬಹಳ ಅಚ್ಚುಕಟ್ಟಾದ ತಂತಿ ಕಣಯ್ಯ ಅಂದ್ರು. ತಂತಿ ಅಂತ್ಲೇ ಬರ್ಕೊಂಡ್ರು."

"ಅಚ್ಚುಕಟ್ಟು ಅಂದ್ನಾ?" ಮುದುಕಿಯ ಮುಖ ಅರಳಿತು.

"ಅಜ್ಜಿ, ಐದು ವರ್ಷ ತರಬೇತಿ. ಸುಳ್ಳು ಹೇಳಿದ್ದು ಗೊತ್ತಾದ್ರೆ ಯಾವತ್ತು ಬೇಕಾದ್ರೂ ಮನೆಗೆ ಅಟ್ತಾರೆ. ಯಾರೇ ಕೇಳ್ಲಿ, ತಂತಿ."

ಅರಳಿದ ಮುಖ ಅಲ್ಲೇ ಬಾಡಿತು. ಇಳಿಯಿತು ಎಂದುಕೊಂಡಿದ್ದ ಹೆದರಿಕೆ ಐದು ವರ್ಷದ ಗಂಟು ಕಟ್ಟಿಕೊಂಡು ಮತ್ತೆ ಬಂದು ಕೂತಿತು.

ಸಂಜೆಗೆ ಅಂಗಳದ ತುಂಬ ಜನ. ವಂದೂ ತನ್ನ ಮೊಮ್ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು: "ಆಫೀಸರ್‌ನ ಉಳಿಸಿದ ಕೈ ಅಲ್ವಾ ಇದು? ಇವನಿಗೂ ನಾಲ್ಕು ಗೆರೆ ಹಾಕಿಬಿಡೇ."

ಜನರೆಲ್ಲ ತಿರುಗಿ ನೋಡಿದರು. ಇಂಥ ಮಾತನ್ನು ತುಂಬಿದ ಅಂಗಳದಲ್ಲಿ ಕೇಳಬೇಕೆಂದು ಶಿಮಿನೆಂಗೆ ಇಪ್ಪತ್ತು ವರ್ಷ ಆಸೆಪಟ್ಟಿದ್ದಳು.

"ನಾನೆಲ್ಲಿ ಕೊಯ್ದೆ? ಅವನು ಮುಳ್ಳುತಂತಿ ಮೇಲೆ ಬಿದ್ದಿದ್ದ."

"ತಲೆ ಕೆಟ್ಟಿದೆಯಾ ನಿಂಗೆ? ಆವತ್ತು ಕಾಲು ಹಿಡ್ಕೊಂಡಿದ್ದೋಳು ನಾನಲ್ವಾ?"

ಆಗ ನೀರಿನ ಬಿಂದಿಗೆ ಕೆಳಗಿಟ್ಟು ಎರ್ದೂ ಬಂದು ಅತ್ತೆಯ ಪಕ್ಕದಲ್ಲಿ ನಿಂತಳು.

"ತಂತೀನೇ ವಂದೂ," ಎಂದಳು. "ಆವತ್ತು ನಾನು ಮನೇಲೇ ಇದ್ದೆ."