ಕರಿಹಲಗೆಯ ಇಂಗ್ಲಿಷ್

ನನ್ನ ಯಜಮಾನರು ತೀರಿಹೋದ ಬೆಳಿಗ್ಗೆ ಅಳುವಿಗಿಂತ ಮೊದಲು ನನಗೆ ಬಂದದ್ದು ಒಂದು ಚಿಂತೆ. ಕೆಳಗಿನ ಕರಿಹಲಗೆಯ ಮೇಲೆ ಈ ಸುದ್ದಿಯನ್ನು ಹೇಗೆ ಬರೆಯುತ್ತಾರೋ ಎಂಬುದು. ಅವರಿಗೆ ಒಪ್ಪುವ ಹಾಗೆ ಬರೆಯಲಿ, ಅಷ್ಟಾದರೆ ಸಾಕು ಎನ್ನಿಸುತ್ತಿತ್ತು.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮೆಟ್ಟಿಲ ಬುಡಕ್ಕೆ ಆ ಹಲಗೆ ಇತ್ತು. ನೀರು ಬಾರದ ದಿನ, ಸೊಸೈಟಿಯ ಸಭೆ, ಯಾರದೋ ಮನೆಯ ಸಾವು, ಎಲ್ಲವೂ ಅದರ ಮೇಲೆಯೇ. ಮರಾಠಿ, ಗುಜರಾತಿ, ತಮಿಳು, ಕನ್ನಡದ ಮನೆಗಳು ಕೂಡಿದ್ದರಿಂದ ಬರಹ ಇಂಗ್ಲಿಷಿನಲ್ಲಿ. ಬರೆಯುವವರು ಸೆಕ್ರೆಟರಿ. ಬಿಜಾಪುರದ ಕಡೆಯವರು, ಘಣಸೋಲಿ ಕಡೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರಿಗೆ ಇಂಗ್ಲಿಷ್ ಎಂದರೆ ಮದುವೆ ಊಟ, ಎಲೆ ತುಂಬಬೇಕು. ಸದಸ್ಯರೆಲ್ಲರಲ್ಲಿ ವಿನಯದಿಂದ, ದಯವಿಟ್ಟು, ಮನಃಪೂರ್ವಕವಾಗಿ ಕೋರಿಕೊಳ್ಳುವಷ್ಟರಲ್ಲಿ ಹಲಗೆಯೇ ಮುಗಿದು, ನೀರು ಯಾವಾಗ ನಿಲ್ಲುತ್ತದೆ ಎಂಬುದು ಅಂಚಿನಲ್ಲಿ ಇರುವೆ ಸಾಲಿನಂತೆ ಇಳಿಯುತ್ತಿತ್ತು.

ಯಜಮಾನರಿಗೆ ಥಾಣೆಯ ಒಂದು ಆಫೀಸಿನಲ್ಲಿ ಪತ್ರಗಳ ಕರಡು ತಿದ್ದುವ ಕೆಲಸ. ಸಂಜೆ ಲೋಕಲ್ ಇಳಿದು ಬಂದವರು ಚೀಲ ಹೆಗಲಲ್ಲಿರುವಂತೆಯೇ ಹಲಗೆಯ ಮುಂದೆ ನಿಲ್ಲುತ್ತಿದ್ದರು. ಹಲಗೆಯ ಪಕ್ಕ ಸಿಕ್ಕಿಸಿದ್ದ ಒರೆಸುವ ಬಟ್ಟೆ ತೆಗೆದುಕೊಂಡು ಹೆಚ್ಚಿನ ಶಬ್ದಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ‘ಕೈಂಡ್ಲಿ ಪ್ಲೀಸ್’ ಎಂದಿದ್ದರೆ ಅದರಲ್ಲಿ ಒಂದು ಹೋಗುತ್ತಿತ್ತು. ‘ರಿಟರ್ನ್ ಬ್ಯಾಕ್’ನ ಬಾಲ ಹೋಗುತ್ತಿತ್ತು. ರಿಟರ್ನ್ ಎಂದರೇ ಹಿಂದಿರುಗಿಸುವುದು, ಅದಕ್ಕಿಂತ ಹಿಂದಕ್ಕೆ ಎಲ್ಲಿಗೆ ಹೋಗುವುದು ಎಂದು ಅವರ ಪ್ರಶ್ನೆ. ತಾವಾಗಿ ಏನನ್ನೂ ಬರೆಯುತ್ತಿರಲಿಲ್ಲ. ಆದರೂ ಒರೆಸಿ ಉಳಿದ ಸಾಲು ಎಷ್ಟು ಚೆಂದ ನಿಲ್ಲುತ್ತಿತ್ತೆಂದರೆ, ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ ನನಗೂ ಒಂದೇ ನೋಟಕ್ಕೆ ಅರ್ಥವಾಗುತ್ತಿತ್ತು.

“ಏನ್ರೀ ಸಾಹೇಬ್ರ, ನನ್ನ ಪ್ಲೀಸಿಗೂ ಕತ್ರಿ ಹಾಕಿದ್ರಿ? ಮಂದಿ ನನಗ ಸೊಕ್ಕಿನಂವ ಅಂತಾರ್ರೀ,” ಎಂದು ಸೆಕ್ರೆಟರಿ ಜಗಳಕ್ಕೆ ಬರುತ್ತಿದ್ದರು.

“ಕೈಂಡ್ಲಿ ಉಂಟಲ್ಲ ಮಾರಾಯ್ರೆ. ಅದಕ್ಕೂ ಒಂದು ಜೋಡಿ ಹುಡುಕಿ ಮದುವೆ ಮಾಡಿಸ್ಲಿಕ್ಕುಂಟಾ?”

“ನಿಮ್ಮ ಕೈಯಾಗ ಸಿಕ್ಕೂ ನನ್ನ ಸಹಿ ಉಳದೈತಲ್ಲ, ಅದss ದೊಡ್ಡದು ಬಿಡ್ರಿ!”

ಬರುಬರುತ್ತಾ ಅದು ಕಟ್ಟಡದ ಪದ್ಧತಿಯೇ ಆಯಿತು. ಹಾಲಿಗೆ ಇಳಿದವರು, ಗಾಡಿ ಹಿಡಿಯಲು ಓಡುವವರು ಒಂದು ಶಬ್ದ ಒರೆಸಿ ಹೋಗುತ್ತಿದ್ದರು. ಅರ್ಥ ಕೆಡಬಾರದು ಎಂಬುದೊಂದೇ ನಿಯಮ. ಸೆಕ್ರೆಟರಿ ಬೇಕೆಂದೇ ಇನ್ನಷ್ಟು ಉದ್ದ ಬರೆಯುತ್ತಿದ್ದರು ಎಂದು ನನ್ನ ಅನುಮಾನ.

ಸಾನಪಾಡಾದಲ್ಲಿ ನನ್ನ ಚಿಕ್ಕಪ್ಪನ ಮಗ ಹೋಟೆಲು ತೆರೆದಾಗ ನಾವಿಬ್ಬರೂ ಹೋಗಿದ್ದೆವು. ಇವರು ಒಳಗೆ ಕಾಲಿಡುವ ಮೊದಲೇ ಬೋರ್ಡು ನೋಡಿದರು.

“ಪ್ಯೂರ್ ವೆಜ್ ಅಂತೆ. ಪ್ಯೂರ್ ಅಲ್ಲದ ವೆಜ್ ಯಾವುದು?”

“ಭಾವ, ನಿಮ್ಮ ಬಟ್ಟೆ ಡೊಂಬಿವಲಿಯಲ್ಲೇ ಇರ್ಲಿ! ಆ ಪ್ಯೂರ್ ನೋಡಿಯೇ ಜನ ಒಳಗೆ ಬರೋದು. ಅದಿಲ್ಲದಿದ್ರೆ ಆಮ್ಲೆಟ್ ಮಾಡಿದ ಕಾವಲಿಯಲ್ಲೇ ದೋಸೆ ಹೊಯ್ತೀರಾ ಅಂತ ಕೇಳ್ತಾರೆ.”

ಇವರು ತಲೆಯೆತ್ತಿ ಬೋರ್ಡನ್ನು ಇನ್ನೊಮ್ಮೆ ಓದಿದರು. “ಹೌದಾ? ಹಾಗಾದ್ರೆ ಅದು ದುಡಿಯುವ ಶಬ್ದ. ಇರ್ಲಿ,” ಎಂದು ನಕ್ಕು ಒಳಗೆ ಹೋಗಿ ದೋಸೆ ಹೇಳಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ತಮ್ಮ ಸೋಲನ್ನು ಖುಷಿಯಿಂದ ನೆನೆಯುತ್ತಿದ್ದರು. ಒಂದು ಶಬ್ದ ಯಾರಿಗಾದರೂ ಬೇಕಾಗಿದೆ ಎಂದು ಗೊತ್ತಾದರೆ ಅವರು ಅದರ ತಂಟೆಗೆ ಹೋಗುತ್ತಿರಲಿಲ್ಲ. ಅವರ ಇಂಗ್ಲಿಷಿಗಿಂತ ನನಗೆ ಹೆಚ್ಚು ಮೆಚ್ಚುಗೆಯಾಗಿದ್ದು ಈ ಗುಣ.

ಮನೆಯೊಳಗೆ ಅವರೇ ಆಡುವ ಮಾತಿಗೆ ಮಾತ್ರ ಲೆಕ್ಕವಿರಲಿಲ್ಲ. ನಾನು ಒಬ್ಬಳೇ ಮುಂಬ್ರಾದ ಅಕ್ಕನ ಮನೆಗೆ ಹೊರಟರೆ, ಗಾಡಿ ನಿಂತ ಮೇಲೇ ಇಳಿ, ಪೂರ್ತಿ ನಿಂತ ಮೇಲೆ, ನಿಂತದ್ದು ನೋಡಿಕೊಂಡು, ಎಂದು ಮೂರು ಬಗೆಯಲ್ಲಿ ಹೇಳುತ್ತಿದ್ದರು.

ಕಾಮಾಲೆ ಅವರನ್ನು ಬೇಗ ಕರಗಿಸಿತು. ಆ ಬೆಳಿಗ್ಗೆ ಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಹೋದ ಅವರನ್ನು ಮನೆಗೆ ತಂದು ಮಲಗಿಸಿದ ಮೇಲೆ ಸೆಕ್ರೆಟರಿ ಬಾಗಿಲಲ್ಲಿ ಬಂದು ನಿಂತರು.

“ವೈನಿ, ಬರದೀನ್ರೀ. ಭಾಳ ಬರದೀನಿ. ಒರಸಾಕ ಕೈ ಬರವಲ್ದು. ನೀವss ಒಮ್ಮಿ ನೋಡ್ರಿ.”

ಅಂಥ ಹೊತ್ತಿನಲ್ಲಿ ಹೆಂಡತಿ ಮನೆಯಿಂದ ಇಳಿಯುವುದು ರೂಢಿಯಲ್ಲ. ಮುಂಬ್ರಾದಿಂದ ಬಂದಿದ್ದ ಅಕ್ಕ ನನ್ನ ಮುಖ ನೋಡಿದಳು, ತಡೆಯಲಿಲ್ಲ. ಇಳಿದೆ.

ಹಲಗೆ ತುಂಬಿತ್ತು. ದುಃಖಕರ, ಹಠಾತ್, ಅಕಾಲಿಕ, ಸ್ವರ್ಗಸ್ಥ, ಎಲ್ಲವೂ ಇಂಗ್ಲಿಷಿನಲ್ಲಿ, ಸಾಲಿಗೆ ಸಾಲು. ಬೆಳಿಗ್ಗೆಯಿಂದ ಎಷ್ಟೋ ಜನ ಅದರ ಮುಂದೆ ಹಾದು ಹೋಗಿದ್ದರು, ಯಾರೂ ಒಂದಕ್ಷರ ಮುಟ್ಟಿರಲಿಲ್ಲ. ನಾನು ಬಟ್ಟೆ ತೆಗೆದುಕೊಂಡೆ. ‘ಸ್ಯಾಡ್’ ಒರೆಸಿದೆ, ಸಾವೆಂದ ಮೇಲೆ ದುಃಖವೇ. ‘ಸಡನ್’ ಒರೆಸಿದೆ, ಅವರು ಆಸ್ಪತ್ರೆಯಲ್ಲಿದ್ದದ್ದು ಎಲ್ಲರಿಗೂ ಗೊತ್ತು. ಹೆಸರಿಗೆ ಅಂಟಿ ಕೂತಿದ್ದ ‘ಲೇಟ್’ ಅನ್ನು, ಅಂದರೆ ದಿವಂಗತ ಎಂಬುದನ್ನು, ನೋಡಲಾರದೆ ಒರೆಸಿದೆ. ಇಂಗ್ಲಿಷಿನಲ್ಲಿ ನಾನು ಮಾಡಿದ ಕೆಲಸ ಅದೊಂದೇ. ಅವರು ನೋಡಿದ್ದರೆ ಒಪ್ಪುತ್ತಿದ್ದರು.

ಕೊನೆಗೆ ಹೆಸರು, ತೀರಿಕೊಂಡರು ಎಂಬುದು, ಸ್ಮಶಾನಕ್ಕೆ ಹೊರಡುವ ಹೊತ್ತು ಉಳಿದವು. ಜೊತೆಗೆ ಹೆಸರಿನ ಮುಂದೆ ‘ಅವರ್ ಡಿಯರ್’, ನಮ್ಮ ಪ್ರೀತಿಯ. ಅದಿಲ್ಲದಿದ್ದರೂ ಅರ್ಥ ಕೆಡುವುದಿಲ್ಲ. ನನ್ನ ಕೈ ಅತ್ತ ಹೋಯಿತು.

“ಅದನ್ನೂ ಒರಸ್ತೀರೇನ್ರಿ?” ಎಂದರು ಸೆಕ್ರೆಟರಿ. ಬಳಪದ ಕೈಯಲ್ಲೇ ಕಣ್ಣೊರೆಸಿಕೊಂಡು ಅವರ ಮುಖವೆಲ್ಲ ಬೆಳ್ಳಗಾಗಿತ್ತು.

“ಇಲ್ಲ ಅಣ್ಣ. ಅದು ನಿಮಗೆ ಬೇಕಲ್ಲ, ಇರ್ಲಿ.”

ಅಕ್ಕಪಕ್ಕದ್ದನ್ನು ಒರೆಸುವಾಗ ಆ ಎರಡು ಶಬ್ದ ಸ್ವಲ್ಪ ಮಸುಕಾಗಿದ್ದವು. ಅವರಿಂದ ಬಳಪ ಇಸಿದುಕೊಂಡು ಅಕ್ಷರಗಳ ಮೇಲೆಯೇ ಇನ್ನೊಮ್ಮೆ ತೀಡಿದೆ. ಅಷ್ಟರಲ್ಲಿ ಜನ ಮೆಟ್ಟಿಲಿಳಿದು ಬರತೊಡಗಿದರು. ಅವರು ಓದಲೆಂದು ನಾನು ಪಕ್ಕಕ್ಕೆ ಸರಿದೆ.