ಕಾಡೆಳ್ಳು ಕೀಳುವ ದಿನ

೧೩ ಜೂನ್ ೧೯೯೯, ಭಾನುವಾರ. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ.

ಕಾಡೆಳ್ಳಿನ ಬಗ್ಗೆ ಬರೆಯಲು ನನಗಿರುವ ಅರ್ಹತೆ ಇಷ್ಟು: ಬೆಳೆದದ್ದು ಒಂದೇ ಸಲ, ಗಿಡ ಹದಿನಾಲ್ಕು, ಫಸಲು ಒಂದು ಚಮಚ. ಅದೂ ಜೊಳ್ಳು.

ಇದು ಹುಚ್ಚೆಳ್ಳಲ್ಲ. ಹೂಟಗಳ್ಳಿಯ ನಮ್ಮ ಬೀದಿಯಲ್ಲಿ ಒಂಬತ್ತು ಜನ ಹಾಗೆಂದುಕೊಂಡರು. ಒಂಬತ್ತು ಸಲವೂ ತಿದ್ದಿದ್ದೇನೆ. ಹುಚ್ಚೆಳ್ಳಿನದು ಹಳದಿ ಹೂವು, ಅದರ ಕುಲವೇ ಬೇರೆ. ಕಾಡೆಳ್ಳಿನದು ಗಂಟೆಯಂತೆ ತೂಗುವ ನಸುನೇರಳೆ ಹೂವು. ಅಡುಗೆಮನೆಯ ಎಳ್ಳಿಗೆ ಇದು ದಾಯಾದಿ. ಬೀಜ ಕಪ್ಪು, ಒರಟು, ತುಸು ಕಹಿ. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಇದನ್ನು ಯಾರೂ ಕರೆಯುವುದಿಲ್ಲ. ಇದರ ಮರ್ಯಾದೆಯೆಲ್ಲ ಎಲೆಯಲ್ಲಿದೆ. ಒಂದು ಹಿಡಿ ಎಲೆಯನ್ನು ತಣ್ಣೀರಿನಲ್ಲಿ ಕಿವುಚಿದರೆ ನೀರು ಲೋಳೆಯಾಗುತ್ತದೆ. ಅದರಲ್ಲಿ ತಲೆ ತೊಳೆದರೆ ಎಂಥ ಸಿಕ್ಕೂ ಬಿಡುತ್ತದೆ.

ಇದನ್ನೆಲ್ಲ ಹೇಳಿದವರು ನಮ್ಮ ಹಿಂಬದಿಯ ಮನೆಯ ದೇವಮ್ಮಜ್ಜಿ. ಅವರ ತವರಿನ ಹೊಲದ ಬದುವಿನಲ್ಲಿ ಕಾಡೆಳ್ಳು ತಾನಾಗಿ ಬೆಳೆಯುತ್ತಿತ್ತಂತೆ. ಆ ಬದುವಿನ ಮೇಲೆ ಈಗ ಕಾರ್ಖಾನೆಯ ಷೆಡ್ಡಿದೆ. ಅವರ ಬಾಡಿಗೆ ಮನೆಗೆ ಅಂಗಳವಿಲ್ಲ, ನಮಗಿದೆ. ಕಳೆದ ವರ್ಷ ಮೇ ಹತ್ತರಂದು ಒಂದು ಬಟ್ಟೆಯ ಗಂಟು ಬಿಚ್ಚಿ, ಚಿಟಿಕೆ ಬೀಜವನ್ನು ನನ್ನ ಅಂಗೈಗೆ ಸುರಿದರು.

“ಇಷ್ಟೇ ಉಳ್ದಿರೋದು ಕಣಪ್ಪ. ಹುಸಾರು.”

ಮರಳಿನಲ್ಲಿ ಬೆರೆಸಿ ಚೆಲ್ಲಿದೆ. ಆರನೆಯ ದಿನ ಮೊಳಕೆ, ನಲವತ್ಮೂರನೆಯ ದಿನ ಮೊದಲ ಹೂವು, ಆಮೇಲೆ ಇನ್ನೂರ ಹದಿನೆಂಟು ಕಾಯಿ. ಒಂದೊಂದು ಕಾಯಿಗೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು.

ಆಗಸ್ಟ್ ಹದಿನಾರಕ್ಕೆ ಅಜ್ಜಿ ಮಗಳ ಬಾಣಂತನಕ್ಕೆ ಹೊರಟರು. ಬುಡದ ಕಾಯಿ ಹಳದಿಗೆ ತಿರುಗಿದ ಕೂಡಲೇ ಗಿಡ ಕಿತ್ತು, ಕಂತೆ ಕಟ್ಟಿ, ಬಟ್ಟೆಯ ಮೇಲೆ ನಿಲ್ಲಿಸು ಎಂದು ಎರಡು ಸಲ ಹೇಳಿದರು. ಮೂರನೆಯ ದಿನವೇ ಬುಡ ಹಳದಿಯಾಯಿತು. ಆದರೆ ತುದಿಯಲ್ಲಿನ್ನೂ ಹೂವಿತ್ತು. ಮಾಗಿದ್ದು ಮೂವತ್ತೊಂದು ಕಾಯಿ. ಮಿಕ್ಕ ನೂರ ಎಂಬತ್ತೇಳಕ್ಕೆ ಅನ್ಯಾಯ ಮಾಡಲು ಮನಸ್ಸು ಬರಲಿಲ್ಲ. ಎಲ್ಲವೂ ಮಾಗಲೆಂದು ಕಾದೆ.

ಹೊಲದ ಎಳ್ಳಿಗೆ ಮನುಷ್ಯರ ಸಹವಾಸದಿಂದ ಚೂರಾದರೂ ತಾಳ್ಮೆ ಬಂದಿದೆ, ಕಾಡೆಳ್ಳಿಗೆ ಅದಿಲ್ಲ. ಒಣಗಿದ್ದೇ ತಡ, ಬಿರಿದು ಚೆಲ್ಲುತ್ತದೆ. ಬಿರಿದ ಮೇಲೂ ಕಾಯಿ ಗಿಡದಲ್ಲೇ ನಿಂತಿರುತ್ತದೆ. ನಾನು ದಿನವೂ ಎಣಿಸುತ್ತಿದ್ದದ್ದು ಕಾಯಿಗಳನ್ನು, ಬೀಜಗಳನ್ನಲ್ಲ. ಹಾಗಾಗಿ ಕೊನೆಯ ದಿನದವರೆಗೂ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಸೆಪ್ಟೆಂಬರ್ ಎಂಟರಂದು ಗಿಡ ಕಿತ್ತು ಕೊಡವಿದಾಗ ಬಟ್ಟೆಯ ಮೇಲೆ ಬಿದ್ದದ್ದು ಆ ಒಂದು ಚಮಚ.

ಅಜ್ಜಿ ಬಂದವರು ಅದನ್ನು ಅಂಗೈಯಲ್ಲಿ ಹಿಡಿದು ಊದಿದರು. ಎಲ್ಲ ಹಾರಿಹೋಯಿತು.

“ಗೀಟು ಗೀಟಾಗಿ ಬರ್ಕೊಂಡಿದ್ದೀಯಲ್ಲಪ್ಪ,” ಎಂದರು, “ಆ ಪುಸ್ತಕಾನೇ ಬಿತ್ಬುಡು.”

ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಚೆಲ್ಲಿದ ಬೀಜ ಮೊಳೆಯಬಹುದೆಂಬ ಆಸೆಯೂ ಉಳಿಯಲಿಲ್ಲ. ಅದೇ ತಿಂಗಳು ಅಪ್ಪ ಅಂಗಳಕ್ಕೆ ಚಪ್ಪಡಿ ಹಾಸಿಸಿದರು. ದೀಪಾವಳಿಯ ಎಣ್ಣೆಸ್ನಾನಕ್ಕೆ ಅಜ್ಜಿ ಅಂಗಡಿಯ ಶಾಂಪೂ ಪೊಟ್ಟಣ ಹಿಡಿದು ಹೋದದ್ದನ್ನು ಕಂಡೆ. ಅದನ್ನು ಮಾತ್ರ ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಈ ತಿಂಗಳ ಮೊದಲ ಮಳೆಗೆ ಚಪ್ಪಡಿಗಳ ಸಂದಿಯಲ್ಲಿ ಏನೋ ಹಸಿರು ಕಂಡಿತು. ಅಜ್ಜಿಯನ್ನು ಕರೆದೆ. ಅವರು ಒಂದು ಎಲೆ ಕಿತ್ತು, ಒದ್ದೆ ಅಂಗೈಯಲ್ಲಿ ಉಜ್ಜಿ, ಬೆರಳು ಅಗಲಿಸಿದರು. ನಡುವೆ ಲೋಳೆಯ ಎಳೆ ನಿಂತಿತು. ಬಹಳ ಹೊತ್ತು ಅದನ್ನೇ ನೋಡಿದರು. ಈ ಸಲ ಹೊತ್ತಿಗೆ ಸರಿಯಾಗಿ ಕೀಳೋಣ, ಕೆಲವನ್ನು ಮಾತ್ರ ಚೆಲ್ಲಿಕೊಳ್ಳಲಿ ಎಂದು ಬಿಡೋಣ ಎಂದರು. ಎಷ್ಟು ಗಿಡ ಬಿಡಬೇಕು ಎಂದು ಕೇಳಿದೆ.

“ಅದು ಎಣ್ಸೋ ಕೆಲ್ಸ ಅಲ್ಲ ಕಣಪ್ಪ. ನಿಂತ್ಕೊಂಡು ನೋಡು, ಗೊತ್ತಾಯ್ತದೆ.”

ಇಪ್ಪತ್ತು ನಿಮಿಷ ನಿಂತು ನೋಡಿದೆ, ಗೊತ್ತಾಗಲಿಲ್ಲ. ಕಾಡೆಳ್ಳನ್ನು ಕಿತ್ತೂ ಮರುವರ್ಷಕ್ಕೆ ಉಳಿಸಿಕೊಂಡವರು ಇದನ್ನು ಓದುವ ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ಎಷ್ಟು ಗಿಡ ಬಿಟ್ಟಿರೆಂಬುದು ನೆನಪಿಲ್ಲದವರೂ ಸಂಕೋಚಪಡಬೇಕಿಲ್ಲ. ಅಂಥವರ ಮಾತನ್ನೇ ಮೊದಲು ಕೇಳುವುದೆಂದುಕೊಂಡಿದ್ದೇನೆ.